ಓದುಗರನ್ನು ಸೃಷ್ಟಿಸಿದ ಕಾದಂಬರಿಕಾರ: ಬಾಬು ದೇವಕೀನಂದನ ಖತ್ರಿ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಗ್ರಂಥಕರ್ತನು ಬರೆಯುತ್ತಾನೆ, ಅಕ್ಷರ ಬಲ್ಲವನು ಓದುತ್ತಾನೆ. ಇದು ಲೋಕರೂಢಿ. ಆದರೆ ಒಂದು ಕಥೆಯನ್ನು ಓದಬೇಕೆಂಬ ಆಸೆಗಾಗಿಯೇ ಜನರು ಹೊಸದೊಂದು ಲಿಪಿಯನ್ನು ಕಲಿತರೆಂದೂ, ಆ ಕಥೆ ಮುಗಿದ ಮೇಲೆ ಅದರ ಮುಂದಿನ ಭಾಗಗಳಿಗಾಗಿ ವರ್ಷಗಟ್ಟಲೆ ಕಾದರೆಂದೂ ಕೇಳಿದರೆ ಯಾರಿಗಾದರೂ ಆಶ್ಚರ್ಯವಾಗದಿರದು. ಇಂತಹ ಭಾಗ್ಯ ಎಲ್ಲ ಲೇಖಕರಿಗೂ ದೊರೆಯುವುದಿಲ್ಲ. ದೊರೆತ ಕೆಲವರಲ್ಲಿ ಕಾಶಿಯ ಬಾಬು ದೇವಕೀನಂದನ ಖತ್ರಿಯವರು ಒಬ್ಬರು. ಅವರ ಜೀವನವನ್ನೂ, ಅವರ ಕಾದಂಬರಿಗಳ ಮುಂದುವರಿದ ಭಾಗಗಳ ವಿಷಯದಲ್ಲಿ ಓದುಗರು ತಳೆದ ಅಭಿಪ್ರಾಯಗಳನ್ನೂ ನನ್ನ ಅಲ್ಪಮತಿಗೆ ತೋಚಿದಂತೆ ಇಲ್ಲಿ ನಿವೇದಿಸುತ್ತೇನೆ.

ಅವರ ಹೆಸರನ್ನು ನಾನು ಮೊದಲು ಕೇಳಿದ್ದು ನಮ್ಮ ಹಿಂದಿ ತರಗತಿಯಲ್ಲಿ. ಹಿಂದಿ ಗದ್ಯದ ಬೆಳವಣಿಗೆಯನ್ನು ವಿವರಿಸುತ್ತಿದ್ದ ಅಧ್ಯಾಪಕರು ಖತ್ರಿಯವರನ್ನು ನಾಲ್ಕು ಮಾತಿನಲ್ಲಿ ಪರಿಚಯಿಸಿ ಪ್ರೇಮಚಂದರ ಕಡೆಗೆ ನಡೆದರು. ಆದರೆ ‘ಚಂದ್ರಕಾಂತಾ’ ಎಂಬ ಹೆಸರು ಕಿವಿಗೆ ಬಿದ್ದೊಡನೆಯೇ ನನಗೆ ನನ್ನ ತಾಯಿಯ ನೆನಪಾಯಿತು. 1994ರಲ್ಲಿ ನೀರಜಾ ಗುಲೇರಿಯವರ ‘ಚಂದ್ರಕಾಂತಾ’ ಧಾರಾವಾಹಿ ದೂರದರ್ಶನದಲ್ಲಿ ಆರಂಭವಾದಾಗ ತಾಯಿ ಹನ್ನೆರಡು ವರ್ಷದ ಹುಡುಗಿ. ಊರಿಗೆಲ್ಲ ಇದ್ದ ಒಂದೆರಡು ಟಿ.ವಿ.ಗಳ ಮುಂದೆ ಭಾನುವಾರ ಮಕ್ಕಳೆಲ್ಲ ಕಾಲು ಮಡಚಿ ಕುಳಿತುಬಿಡುತ್ತಿದ್ದರಂತೆ. ಒಬ್ಬರಿಗೂ ಹಿಂದಿ ಬಾರದು. ದಪ್ಪ ಹುಬ್ಬಿನ ಕ್ರೂರಸಿಂಹ ಏನು ಹೇಳುತ್ತಾನೆಂಬುದನ್ನು ಮಕ್ಕಳು ತಾವೇ ಊಹಿಸಿ, ಸೋಮವಾರ ದನ ಮೇಯಿಸುವಾಗ ಒಬ್ಬರಿಗೊಬ್ಬರು ಹೇಳಿಕೊಂಡು ವಾದಿಸುತ್ತಿದ್ದರಂತೆ. ಆ ವಾದಗಳನ್ನು ತಾಯಿ ಈಗಲೂ ನೆನೆದು ನಗುತ್ತಾರೆ. ಅದೇ ಕಥೆ ನಮ್ಮ ಪಠ್ಯದ ಅಂಚಿನಲ್ಲಿ ಕಾಣಿಸಿಕೊಂಡದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಅಂದೇ ಗ್ರಂಥಾಲಯಕ್ಕೆ ಹೋಗಿ ಹಿಂದಿ ಪುಸ್ತಕಗಳ ಕಪಾಟಿನಿಂದ ‘ಚಂದ್ರಕಾಂತಾ’ವನ್ನು ಹುಡುಕಿ ತಂದೆನು.

ದೇವಕೀನಂದನ ಖತ್ರಿಯವರು 1861ರಲ್ಲಿ ಬಿಹಾರದ ಮುಜಫ್ಫರಪುರದ ಸೀಮೆಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಲಾಲಾ ಈಶ್ವರದಾಸರದು ಪಂಜಾಬದಿಂದ ಬಂದು ಕಾಶಿಯಲ್ಲಿ ನೆಲೆಸಿದ ಮನೆತನ. ಅಂದಿನ ಅನುಕೂಲಸ್ಥರ ಮಕ್ಕಳಂತೆ ಇವರಿಗೂ ಮೊದಲು ಉರ್ದು ಮತ್ತು ಪಾರಸೀ ಭಾಷೆಗಳ ಶಿಕ್ಷಣವಾಯಿತು. ಹಿಂದಿ, ಸಂಸ್ಕೃತಗಳ ಪರಿಚಯವಾದದ್ದು ಆಮೇಲೆ, ಕಾಶಿಯಲ್ಲಿ. ಹಿಂದಿಯ ಓದುಗರನ್ನು ಸಾವಿರಗಟ್ಟಲೆ ಹೆಚ್ಚಿಸಿದ ಈ ಲೇಖಕರು ತಾವೇ ಹಿಂದಿಗೆ ತಡವಾಗಿ ಬಂದವರು ಎಂಬ ಸಂಗತಿ ಗಮನಾರ್ಹವಾದುದು.

ಇಲ್ಲಿ ಆ ಕಾಲದ ಪರಿಸ್ಥಿತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಅಂದಿನ ಉತ್ತರ ಭಾರತದ ಕಚೇರಿ, ನ್ಯಾಯಾಲಯಗಳಲ್ಲಿ ನಡೆಯುತ್ತಿದ್ದುದು ಉರ್ದು. ಅದರ ಲಿಪಿ ಪಾರಸೀ ಲಿಪಿ. ನೌಕರಿ ಬೇಕೆನ್ನುವವನು ಅದನ್ನು ಕಲಿಯುತ್ತಿದ್ದನು. ಬಾಯಲ್ಲಿ ಆಡುವ ಮಾತು ಉರ್ದುವಿನವನಿಗೂ ಹಿಂದಿಯವನಿಗೂ ಬಹುಮಟ್ಟಿಗೆ ಒಂದೇ. ಬರೆದಾಗ ಮಾತ್ರ ಇಬ್ಬರ ನಡುವೆ ಗೋಡೆ ಏಳುತ್ತಿತ್ತು. ನಾಗರೀ ಲಿಪಿಗೆ ಮನ್ನಣೆ ಸಿಗಬೇಕೆಂದು ಹೋರಾಟ ನಡೆಯಿತು. 1893ರಲ್ಲಿ ಕಾಶಿಯಲ್ಲಿ ನಾಗರೀ ಪ್ರಚಾರಿಣೀ ಸಭೆ ಸ್ಥಾಪಿತವಾಯಿತು. 1900ರಲ್ಲಿ ಆ ಪ್ರಾಂತದ ಅಧಿಕಾರಿ ಆಂಟನಿ ಮ್ಯಾಕ್‌ಡೊನೆಲ್ ಅವರು ನ್ಯಾಯಾಲಯಗಳಲ್ಲಿ ನಾಗರಿಗೂ ಸ್ಥಾನ ಕೊಟ್ಟು ಆಜ್ಞೆ ಹೊರಡಿಸಿದರು. ಅರ್ಜಿ, ಸಭೆ, ಭಾಷಣಗಳಿಂದ ನಡೆಯುತ್ತಿದ್ದ ಈ ಕಾರ್ಯದ ಪಕ್ಕದಲ್ಲಿಯೇ ಒಬ್ಬ ಕಥೆಗಾರನು ಯಾವ ಭಾಷಣವನ್ನೂ ಮಾಡದೆ ಜನರ ಕೈಗೆ ನಾಗರಿಯನ್ನು ಕೊಡುತ್ತಿದ್ದನು.

ಅದು ಹೇಗೆಂಬುದನ್ನು ಅವರ ಜೀವನವೇ ಹೇಳುತ್ತದೆ. ತರುಣರಾಗಿದ್ದಾಗ ಖತ್ರಿಯವರು ಗಯೆಯ ಕಡೆ ಟಿಕಾರಿ ಸಂಸ್ಥಾನದ ಸಂಬಂಧದಲ್ಲಿ ವ್ಯವಹಾರ ನಡೆಸುತ್ತಿದ್ದರು. ಬಳಿಕ ಕಾಶಿಗೆ ಮರಳಿದರು. ಆಗ ಕಾಶಿಯ ಅರಸರಾಗಿದ್ದವರು ಮಹಾರಾಜ ಈಶ್ವರೀಪ್ರಸಾದ ನಾರಾಯಣ ಸಿಂಹರು. ಅವರ ಕೃಪೆಯಿಂದ ಚಕಿಯಾ ಮತ್ತು ನೌಗಢ ಕಾಡುಗಳ ಗುತ್ತಿಗೆ ಇವರಿಗೆ ದೊರೆಯಿತು. ಗುತ್ತಿಗೆದಾರನ ಕೆಲಸವೆಂದರೆ ದಿನವೆಲ್ಲ ಕಾಡು ಸುತ್ತುವುದು. ವಿಂಧ್ಯದ ಆ ಸೀಮೆಯಲ್ಲಿ ಕಣಿವೆಗಳಿವೆ, ಜಲಪಾತಗಳಿವೆ, ಗುಹೆಗಳಿವೆ. ಚುನಾರಗಢ, ವಿಜಯಗಢಗಳಂತಹ ಹಳೆಯ ಕೋಟೆಗಳಿವೆ. ಕಾಡಿನ ಕೆಲಸ ನೋಡುತ್ತ ಹೋದ ಯುವಕನ ಕಣ್ಣು ಪಾಳು ಬಿದ್ದ ಆ ಗೋಡೆಗಳ ಮೇಲೆಯೇ ನೆಟ್ಟಿತು. ಈ ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆ, ಈ ಬಾಗಿಲ ಹಿಂದೆ ಏನಿತ್ತು ಎಂದು ಕೇಳಿಕೊಳ್ಳುವ ಸ್ವಭಾವ ಅವರದು.

ಕೆಲವು ಕಾಲದ ಮೇಲೆ ಗುತ್ತಿಗೆ ಕೈತಪ್ಪಿತು. ಆದಾಯದ ದಾರಿ ಮುಚ್ಚಿತು. ಬೇರೆಯವರಾಗಿದ್ದರೆ ಮತ್ತೊಂದು ಗುತ್ತಿಗೆಗಾಗಿ ಅಲೆಯುತ್ತಿದ್ದರೇನೋ. ಖತ್ರಿಯವರು ಲೇಖನಿ ಹಿಡಿದರು. ಕಾಡು ಅವರ ಕೈಬಿಟ್ಟಿತ್ತು, ಆದರೆ ಮನಸ್ಸಿನಲ್ಲಿ ಉಳಿದಿತ್ತು. ಆ ಕಾಡು, ಆ ಕೋಟೆ, ಆ ಗುಹೆಗಳನ್ನೇ ರಂಗಸ್ಥಳವಾಗಿ ಮಾಡಿಕೊಂಡು ಅವರು ಬರೆದ ಕಾದಂಬರಿ ‘ಚಂದ್ರಕಾಂತಾ’ 1888ರಲ್ಲಿ ಪ್ರಕಟವಾಯಿತು. ಆಗ ಅವರ ವಯಸ್ಸು ಇಪ್ಪತ್ತೇಳು.

ಕಥೆಯ ಹಂದರ ಸರಳವಾದುದು. ನೌಗಢದ ರಾಜಕುಮಾರ ವೀರೇಂದ್ರಸಿಂಹನಿಗೂ ವಿಜಯಗಢದ ರಾಜಕುಮಾರಿ ಚಂದ್ರಕಾಂತೆಗೂ ಪ್ರೇಮ. ಅವಳನ್ನು ತಾನು ವರಿಸಬೇಕೆನ್ನುವ ಕ್ರೂರಸಿಂಹನು ಚುನಾರದ ರಾಜ ಶಿವದತ್ತನ ಆಶ್ರಯಕ್ಕೆ ಹೋಗುತ್ತಾನೆ. ಎರಡು ಪಕ್ಷದಲ್ಲಿಯೂ ‘ಐಯಾರ’ರಿದ್ದಾರೆ. ಐಯಾರನೆಂದರೆ ವೇಷ ಬದಲಿಸುವುದರಲ್ಲಿ, ಗೂಢಚರ್ಯೆಯಲ್ಲಿ, ಮದ್ದಿನ ಗುಣಗಳನ್ನು ಬಲ್ಲುದರಲ್ಲಿ ನಿಪುಣನಾದವನು. ಅವನ ಜೋಳಿಗೆಯಲ್ಲಿ ಮೂರ್ಛೆ ತರಿಸುವ ಪುಡಿಯೂ ಇರುತ್ತದೆ, ಮೂರ್ಛೆ ತಿಳಿಸುವ ಮದ್ದೂ ಇರುತ್ತದೆ. ಒಬ್ಬ ಐಯಾರನು ಮತ್ತೊಬ್ಬ ಐಯಾರನನ್ನು ಕೊಲ್ಲಬಾರದೆಂಬುದು ಅವರ ಧರ್ಮ. ವೀರೇಂದ್ರನ ಕಡೆಯ ತೇಜಸಿಂಹ, ಚಂದ್ರಕಾಂತೆಯ ಸಖಿ ಚಪಲಾ ಇಬ್ಬರೂ ಇಂತಹ ವಿದ್ಯಾವಂತರು. ಹೆಣ್ಣುಮಗಳೊಬ್ಬಳು ಗಂಡಸರಿಗೆ ಸರಿಸಮನಾಗಿ ಈ ವಿದ್ಯೆಯಲ್ಲಿ ಗೆಲ್ಲುವುದನ್ನು ಆ ಕಾಲದ ಪುಸ್ತಕದಲ್ಲಿ ಓದಿ ನಾನು ಬೆರಗಾದೆನು. ಚಂದ್ರಕಾಂತೆ ಒಂದು ‘ತಿಲಿಸ್ಮ’ದಲ್ಲಿ, ಎಂದರೆ ಯಂತ್ರಗಳಿಂದಲೂ ಗುಪ್ತ ದ್ವಾರಗಳಿಂದಲೂ ಕಟ್ಟಿದ ಮಾಯಾಭವನದಲ್ಲಿ, ಸಿಕ್ಕಿಬೀಳುತ್ತಾಳೆ. ಅದನ್ನು ಭೇದಿಸಿ ವೀರೇಂದ್ರನು ಅವಳನ್ನು ಪಡೆಯುತ್ತಾನೆ. ವಿವಾಹದೊಡನೆ ಕಥೆ ಮಂಗಳವಾಗುತ್ತದೆ.

ಐಯಾರಿ, ತಿಲಿಸ್ಮಗಳನ್ನು ಖತ್ರಿಯವರೇ ಕಂಡುಹಿಡಿದರೆಂದು ತಿಳಿಯಬಾರದು. ಪಾರಸೀ, ಉರ್ದು ‘ದಾಸ್ತಾನ’ಗಳಲ್ಲಿ ಅವು ಮೊದಲೇ ಇದ್ದವು. ಲಖನೌದ ನವಲಕಿಶೋರ ಮುದ್ರಣಾಲಯವು 1883ರಿಂದ ‘ತಿಲಿಸ್ಮ್-ಎ-ಹೋಶ್‌ರುಬಾ’ದ ಬೃಹತ್ ಸಂಪುಟಗಳನ್ನು ಹೊರತರುತ್ತಿತ್ತು. ಬಾಲಕನಾಗಿದ್ದ ಪ್ರೇಮಚಂದರೂ ಅದರ ಮೋಹಕ್ಕೆ ಒಳಗಾಗಿದ್ದರು. ಆದರೆ ದಾಸ್ತಾನಗಳಲ್ಲಿ ಮಂತ್ರವಾದಿಗಳಿದ್ದಾರೆ, ಮಾಟವಿದೆ, ಜಿನ್ನುಗಳಿವೆ. ಖತ್ರಿಯವರು ಅವುಗಳನ್ನು ಹೊರಗಿಟ್ಟರು. ಅವರ ತಿಲಿಸ್ಮದಲ್ಲಿ ನಡೆಯುವ ಅದ್ಭುತಕ್ಕೆಲ್ಲ ಕೊನೆಗೊಂದು ಕೀಲಿಯೋ, ಸರಪಳಿಯೋ, ಮದ್ದಿನ ಹೊಗೆಯೋ ಕಾರಣವಾಗಿರುತ್ತದೆ. ಭಾಷೆಯನ್ನಂತೂ ಅವರು ಜನರು ಬೀದಿಯಲ್ಲಿ ಆಡುವಂತೆಯೇ ಇಟ್ಟರು. ಸಂಸ್ಕೃತದ ಭಾರವಿಲ್ಲ, ಪಾರಸಿಯ ಆಡಂಬರವಿಲ್ಲ. ಉರ್ದು ಮಾತ್ರ ಓದಬಲ್ಲವನಿಗೆ ಈ ಪುಸ್ತಕವನ್ನು ಯಾರಾದರೂ ಓದಿ ಹೇಳಿದರೆ ಪ್ರತಿಯೊಂದು ವಾಕ್ಯವೂ ಅರ್ಥವಾಗುತ್ತಿತ್ತು. ಅವನಿಗೆ ಅಡ್ಡವಾಗಿದ್ದುದು ಭಾಷೆಯಲ್ಲ, ಅಕ್ಷರ ಮಾತ್ರ. ಆ ಅಡ್ಡಿಯನ್ನು ಕೆಲವು ವಾರಗಳ ಶ್ರಮದಿಂದ ದಾಟಬಹುದಾಗಿತ್ತು. ಆದ್ದರಿಂದ ಜನರು ದಾಟಿದರು.

ಪುಸ್ತಕ ಓದಿ ಮುಗಿಸಿದವರಿಗೆ ತೃಪ್ತಿಯಾಗಲಿಲ್ಲ. ವಿವಾಹವಾಯಿತು, ಮುಂದೇನು ಎಂಬ ಪ್ರಶ್ನೆ ಹುಟ್ಟಿತು. ಖತ್ರಿಯವರು 1894ರಿಂದ ‘ಚಂದ್ರಕಾಂತಾ ಸಂತತಿ’ಯನ್ನು ಬರೆಯತೊಡಗಿದರು. ಹೆಸರೇ ಹೇಳುವಂತೆ ಇದು ಚಂದ್ರಕಾಂತೆಯ ಮಕ್ಕಳಾದ ಇಂದ್ರಜೀತಸಿಂಹ, ಆನಂದಸಿಂಹರ ಕಥೆ. ಸುಮಾರು ಹತ್ತು ವರ್ಷ ಕಾಲ ಅದು ಬಿಡಿಬಿಡಿಯಾಗಿ ಹೊರಬಂದು ಇಪ್ಪತ್ತನಾಲ್ಕು ಭಾಗಗಳಿಗೆ ಬೆಳೆಯಿತು. ನಾಲ್ಕು ಭಾಗದ ತಾಯಿಗೆ ಇಪ್ಪತ್ತನಾಲ್ಕು ಭಾಗದ ಸಂತತಿ! ನಡುವೆ ಅವರು ‘ನರೇಂದ್ರ ಮೋಹಿನಿ’, ‘ಕುಸುಮ ಕುಮಾರಿ’, ‘ಕಾಜರ್ ಕೀ ಕೋಠರೀ’ ಮುಂತಾದ ಬೇರೆ ಕಾದಂಬರಿಗಳನ್ನೂ ಬರೆದರು. 1898ರಲ್ಲಿ ಕಾಶಿಯಲ್ಲಿ ತಮ್ಮದೇ ಆದ ‘ಲಹರೀ’ ಮುದ್ರಣಾಲಯವನ್ನು ಸ್ಥಾಪಿಸಿದರು. 1900ರಲ್ಲಿ ‘ಸುದರ್ಶನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದರ ಸಂಪಾದಕರು ಪಂಡಿತ ಮಾಧವಪ್ರಸಾದ ಮಿಶ್ರರು. ಕಾಡಿನ ಗುತ್ತಿಗೆ ಕಳೆದುಕೊಂಡವರು ಲೇಖನಿಯಿಂದಲೇ ಮುದ್ರಣಾಲಯದ ಒಡೆಯರಾದರು. ಹಿಂದಿಯಲ್ಲಿ ಬರೆದು ಬದುಕುವುದು ಸಾಧ್ಯವೆಂದು ಹೀಗೆ ತೋರಿಸಿಕೊಟ್ಟವರು ಅಂದು ವಿರಳ.

ಈ ಮುಂದುವರಿದ ಭಾಗಗಳ ಬಗ್ಗೆ ಓದುಗರ ಅಭಿಪ್ರಾಯ ಒಂದೇ ತೆರನಾಗಿರಲಿಲ್ಲ. ಬಹುಸಂಖ್ಯಾತರು ಇನ್ನೂ ಬೇಕು ಎನ್ನುವವರು. ಅವರ ಬೇಡಿಕೆಯನ್ನು ಒಬ್ಬರಿಂದ ಪೂರೈಸಲಾಗದೆ ಹರಿಕೃಷ್ಣ ಜೌಹರರಂತಹ ಇತರರೂ ತಿಲಿಸ್ಮದ ಕಾದಂಬರಿಗಳನ್ನು ಬರೆದರು. ಎರಡನೆಯ ವರ್ಗದವರು ಅನುಮಾನಿಗಳು. ಹೀಗೆಲ್ಲ ನಡೆಯುವುದು ಸಾಧ್ಯವೇ, ಅಸಾಧ್ಯವನ್ನು ಸಾಧ್ಯವೆಂದು ಬರೆದು ಜನರನ್ನು ದಾರಿ ತಪ್ಪಿಸಬಹುದೇ ಎಂದು ಅವರು ಪತ್ರಿಕೆಗಳಲ್ಲಿ ಚರ್ಚೆ ಎಬ್ಬಿಸಿದರು. ಖತ್ರಿಯವರು ಇದಕ್ಕೆ ‘ಸಂತತಿ’ಯ ಕೊನೆಯಲ್ಲಿ ಸಮಾಧಾನ ಹೇಳಿದ್ದಾರೆ. ಓದುಗರು ಸತ್ಯಾಸತ್ಯತೆಯನ್ನು ತೂಗಿ ನೋಡಲೆಂದು ತಾವು ಬರೆದದ್ದಲ್ಲ, ಅವರ ಕುತೂಹಲ ಬೆಳೆಯಲೆಂದು ಬರೆದದ್ದು ಎಂಬುದು ಅದರ ಸಾರಾಂಶ. ಟೀಕಾಕಾರರ ಮೇಲೆ ಕೋಪಿಸಿಕೊಳ್ಳದೆ, ತಮ್ಮ ಕೃತಿಗೆ ಇಲ್ಲದ ಹಿರಿಮೆಯನ್ನು ಹೇಳಿಕೊಳ್ಳದೆ ಕೊಟ್ಟ ಈ ಉತ್ತರದಲ್ಲಿ ಅವರ ಸರಳ ಸ್ವಭಾವ ಕಾಣುತ್ತದೆ.

ಮೂರನೆಯ ಅಭಿಪ್ರಾಯ ವಿದ್ವಾಂಸರದು. ಹಿಂದಿ ಸಾಹಿತ್ಯದ ಇತಿಹಾಸವನ್ನು 1929ರಲ್ಲಿ ಪ್ರಕಟಿಸಿದ ಆಚಾರ್ಯ ರಾಮಚಂದ್ರ ಶುಕ್ಲರು ಈ ಕಾದಂಬರಿಗಳನ್ನು ಶುದ್ಧ ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಲಿಲ್ಲ. ಇವುಗಳಲ್ಲಿ ಘಟನೆಗಳ ವೈಚಿತ್ರ್ಯವಿದೆಯೇ ಹೊರತು ರಸವಾಗಲಿ ಪಾತ್ರಗಳ ಆಳವಾಗಲಿ ಇಲ್ಲವೆಂಬುದು ಅವರ ತೀರ್ಪು. ಆದರೆ ಅದೇ ಶುಕ್ಲರು, ಖತ್ರಿಯವರು ಹುಟ್ಟಿಸಿದಷ್ಟು ಓದುಗರನ್ನು ಬೇರಾವ ಗ್ರಂಥಕಾರನೂ ಹುಟ್ಟಿಸಲಿಲ್ಲವೆಂದು ಮುಕ್ತಕಂಠದಿಂದ ಒಪ್ಪಿಕೊಂಡಿದ್ದಾರೆ. ಉರ್ದುವಿನಲ್ಲಿಯೇ ಇದ್ದ ಎಷ್ಟೋ ಜನ ‘ಚಂದ್ರಕಾಂತಾ’ಕ್ಕಾಗಿ ಹಿಂದಿ ಕಲಿತರು, ಅದನ್ನೋದಿದವರು ಬೇರೆ ಪುಸ್ತಕಗಳ ಕಡೆಗೂ ಹೊರಳಿದರು, ಅಭ್ಯಾಸವಾದ ಮೇಲೆ ಕೆಲವರು ಸ್ವತಃ ಲೇಖಕರೇ ಆದರು ಎಂದು ಅವರು ದಾಖಲಿಸಿದ್ದಾರೆ. ಒಬ್ಬ ವಿಮರ್ಶಕರ ಒಂದೇ ತೀರ್ಪಿನಲ್ಲಿ ನಿಂದೆಯೂ ಸ್ತುತಿಯೂ ಹೀಗೆ ಅಕ್ಕಪಕ್ಕ ಕುಳಿತಿರುವುದು ಅಪರೂಪ.

ಈ ತೀರ್ಪನ್ನು ಓದಿದಾಗ ನನಗೆ ನನ್ನ ಒಂದು ತಪ್ಪು ನೆನಪಾಯಿತು. ಅದನ್ನು ಇಲ್ಲಿ ಹೇಳಿಕೊಳ್ಳುವುದಕ್ಕೆ ವಾಚಕರ ಕ್ಷಮೆ ಇರಲಿ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ತಂದೆಗೆ ಅಕ್ಷರವಿಲ್ಲ. ತಾಯಿ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಕಳೆ ಕೀಳುವ ಕೂಲಿಗೆ ಹೋದವರು. ಕಲಿತ ಅಕ್ಷರ ಮರೆತುಹೋಗಿತ್ತು. ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯಲ್ಲಿದ್ದ ಅಂಗನವಾಡಿಯ ಅಕ್ಕನವರು ವಾರಪತ್ರಿಕೆ ತರಿಸುತ್ತಿದ್ದರು. ಅದರಲ್ಲಿ ಬರುತ್ತಿದ್ದ ಪ್ರೇಮಕಥೆಯ ಧಾರಾವಾಹಿಯನ್ನು ಮಧ್ಯಾಹ್ನ ಓದುತ್ತಿದ್ದರು. ಸೊಪ್ಪು ಸೋಸುತ್ತ ನಾಲ್ಕಾರು ಹೆಂಗಸರು ಕೇಳುತ್ತಿದ್ದರು. ಕಥೆ ಅರ್ಧದಲ್ಲಿದ್ದಾಗ ಅಕ್ಕನವರಿಗೆ ಬೇರೆ ಊರಿಗೆ ವರ್ಗವಾಯಿತು. ಮುಂದಿನ ಸಂತೆಯ ದಿನ ತಾಯಿ ಉಪ್ಪು, ಮೆಣಸಿನಕಾಯಿಯ ಜೊತೆಗೆ ಆ ಪತ್ರಿಕೆಯನ್ನೂ ಕೊಂಡು ತಂದರು. ಒಂದು ಪುಟಕ್ಕೆ ಎರಡು ದಿನ ಹಿಡಿಯಿತು. ಒತ್ತಕ್ಷರ ಬಂದಾಗಲೆಲ್ಲ ನನ್ನನ್ನು ಕರೆದು ಕೇಳುತ್ತಿದ್ದರು. ಕಥೆ ಮುಗಿಯುವ ಹೊತ್ತಿಗೆ ಕೇಳುವುದು ನಿಂತಿತ್ತು. ಆ ಕಥೆಯ ಮುಕ್ತಾಯ ಮಾತ್ರ ಅವರಿಗೆ ಹಿಡಿಸಲಿಲ್ಲ. ಆ ಹುಡುಗಿ ಅತ್ತೆಯ ಮನೆಗೆ ಹೋದ ಮೇಲೆ ಏನಾಯಿತೆಂದು ಬರೆಯದೆ ನಿಲ್ಲಿಸಿದ್ದು ಅನ್ಯಾಯವೆಂದು ಅವರ ವಾದ.

ನಾನು ಪದವಿ ತರಗತಿಗೆ ಸೇರಿದ ಮೇಲೆ ನನ್ನ ರೀತಿ ಬದಲಾಯಿತು. ಇದೆಲ್ಲ ಹುಸಿ ಕಥೆ, ಕೆಲಸಕ್ಕೆ ಬಾರದ ಓದು ಎಂದು ಒಂದು ದಿನ ತಾಯಿಯ ಎದುರಿಗೇ ಹೇಳಿಬಿಟ್ಟೆನು. ಅವರು ಮಾತಾಡಲಿಲ್ಲ. ಪತ್ರಿಕೆಯನ್ನು ಮಡಿಚಿ ಅಕ್ಕಿಯ ಡಬ್ಬಿಯ ಹಿಂದೆ ಇಟ್ಟರು. ಆಮೇಲೆ ನಾನು ಮನೆಯಲ್ಲಿರುವಾಗ ಅವರು ಓದುವುದನ್ನು ನಾನು ಕಾಣಲಿಲ್ಲ. ಆದರೆ ನನ್ನ ಕಾಲೇಜಿನ ಪ್ರವೇಶದ ಅರ್ಜಿಯಲ್ಲಿ ತಂದೆಯ ಹೆಬ್ಬೆಟ್ಟಿನ ಪಕ್ಕದಲ್ಲಿ ತಾಯಿಯ ಪೂರ್ಣ ಸಹಿ ಇದೆ. ಆ ಸಹಿ ಹಾಕುವ ಕೈ ಪಳಗಿದ್ದು ಯಾವ ಓದಿನಿಂದ ಎಂಬುದನ್ನು ನಾನು ಯೋಚಿಸಿರಲಿಲ್ಲ. ಕಾಶಿಯ ಆಚಾರ್ಯರ ಪುಸ್ತಕ ಯೋಚಿಸುವಂತೆ ಮಾಡಿತು. ಅವರು ಪಂಡಿತರಾಗಿದ್ದೂ ಆ ಓದುಗರನ್ನು ಗೌರವದಿಂದ ಎಣಿಸಿದರು. ನಾನು ಎರಡು ಪುಸ್ತಕ ಓದಿದ್ದಕ್ಕೇ ಎಣಿಸದೆ ಹೋದೆನು.

ನಮ್ಮ ಕನ್ನಡದಲ್ಲಿಯೂ ಅದೇ ಕಾಲದಲ್ಲಿ ಇಂತಹ ಕಾರ್ಯ ನಡೆಯಿತೆಂಬುದನ್ನು ಇಲ್ಲಿ ಸ್ಮರಿಸಬೇಕು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಓದುವ ರುಚಿಯನ್ನು ಹಚ್ಚಿದರು. ಗಳಗನಾಥರು ಕಾದಂಬರಿಗಳನ್ನು ಬರೆದುದಲ್ಲದೆ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು. ಇವರು ಮೂವರಿಗೂ ಪರಸ್ಪರ ಪರಿಚಯವಿದ್ದಿತೆಂದು ನಾನು ಹೇಳುತ್ತಿಲ್ಲ. ಓದುಗನು ತಾನಾಗಿ ಹುಟ್ಟುವುದಿಲ್ಲ, ಅವನನ್ನು ಯಾರಾದರೂ ಕರೆತರಬೇಕು ಎಂಬುದನ್ನು ಮೂವರೂ ತಿಳಿದಿದ್ದರು.

ಈಗ ‘ಸಂತತಿ’ಯ ಬಗ್ಗೆ ಒಬ್ಬ ಸಾಮಾನ್ಯ ಓದುಗಳಾಗಿ ನನ್ನ ಅಭಿಪ್ರಾಯವನ್ನೂ ಹೇಳಬೇಕು. ನಮ್ಮ ಗ್ರಂಥಾಲಯದಲ್ಲಿ ಅದರ ಇಪ್ಪತ್ತನಾಲ್ಕು ಭಾಗಗಳು ಆರು ಸಂಪುಟಗಳಲ್ಲಿ ಇರಬೇಕಾಗಿತ್ತು. ನಾಲ್ಕನೆಯ ಸಂಪುಟವಿರಲಿಲ್ಲ. ಮೂರನ್ನು ಮುಗಿಸಿ ನಾಲ್ಕಕ್ಕಾಗಿ ಎರಡು ತಿಂಗಳು ಕಾದೆನು. ಕೊನೆಗೆ ಅಧ್ಯಾಪಕರೊಬ್ಬರು ತಮ್ಮ ಸ್ನೇಹಿತರಿಂದ ತರಿಸಿಕೊಟ್ಟರು. ಆ ಎರಡು ತಿಂಗಳಲ್ಲಿ ಹತ್ತು ವರ್ಷ ಕಾದ ಹಳೆಯ ಓದುಗರ ಕಷ್ಟ ನನಗೆ ತಿಳಿಯಿತು. ಬಸ್ಸಿನಲ್ಲಿ ಕುಳಿತಾಗ, ನೀರು ಹಿಡಿಯುವಾಗ ಮುಂದೇನಾಯಿತೆಂದು ನಾನೇ ಕಥೆ ಕಟ್ಟುತ್ತಿದ್ದೆನು. ಹಿಂದಿ ಬಾರದೆ ಚಿತ್ರ ನೋಡಿ ಕಥೆ ಕಟ್ಟಿದ ತಾಯಿಯ ಮಗಳಲ್ಲವೇ!

ಮುಂದುವರಿದ ಭಾಗಗಳಲ್ಲಿ ದೋಷಗಳಿಲ್ಲವೆಂದಲ್ಲ. ಪಾತ್ರಗಳು ವಿಪರೀತ ಹೆಚ್ಚುತ್ತವೆ. ಒಂದು ಗುಹೆಯಿಂದ ಹೊರಬಂದವರು ಇನ್ನೊಂದಕ್ಕೆ ಬೀಳುತ್ತಾರೆ. ಯಾರ ವೇಷದಲ್ಲಿ ಯಾರಿದ್ದಾರೆಂದು ನೆನಪಿಡಲು ನಾನು ಕಾಗದದ ಮೇಲೆ ಪಟ್ಟಿ ಮಾಡಿಕೊಳ್ಳಬೇಕಾಯಿತು. ಮೊದಲ ‘ಚಂದ್ರಕಾಂತಾ’ದ ಹಗುರವಾದ ನಡಿಗೆ ಇಲ್ಲಿ ಇಲ್ಲ. ಮೊದಲನೆಯದೇ ಚೆನ್ನಾಗಿತ್ತೆನ್ನುವ ಓದುಗರಿದ್ದರೆ ಅವರ ಮಾತನ್ನು ತಳ್ಳಿಹಾಕಲಾಗದು.

ಆದರೂ ನನಗೆ ‘ಸಂತತಿ’ಯೇ ಹೆಚ್ಚಿನದೆಂದು ತೋರುತ್ತದೆ. ಕಾರಣ ಭೂತನಾಥನೆಂಬ ಪಾತ್ರ. ಇವನ ನಿಜವಾದ ಹೆಸರು ಗದಾಧರಸಿಂಹ. ಮಹಾ ಚತುರನಾದ ಐಯಾರ. ವೀರೇಂದ್ರಸಿಂಹನ ಪಕ್ಷಕ್ಕೆ ಬಂದು ಒಳ್ಳೆಯ ಹೆಸರು ಗಳಿಸಬೇಕೆಂದು ಹಗಲಿರುಳು ದುಡಿಯುತ್ತಾನೆ. ಆದರೆ ಅವನ ಹಿಂದಿನ ಬದುಕಿನಲ್ಲಿ ಅಪರಾಧಗಳಿವೆ. ಅವುಗಳಿಗೆ ಸಾಕ್ಷಿಯಾದ ಕಾಗದಪತ್ರಗಳು ಇತರರ ಕೈಯಲ್ಲಿವೆ. ಯಾವ ಶತ್ರುವಿಗೂ ಹೆದರದ ಆ ಧೀರನು ಒಂದು ಪುಟ್ಟ ಹಿತ್ತಾಳೆಯ ಪೆಟ್ಟಿಗೆಯನ್ನು ಕಂಡು ನಡುಗುತ್ತಾನೆ. ಕೊನೆಗೆ ಅರಸನ ಸಭೆಯಲ್ಲಿ ಅವನ ವಿಚಾರಣೆ ನಡೆಯುತ್ತದೆ. ಮೊದಲ ಪುಸ್ತಕದಲ್ಲಿ ಒಳ್ಳೆಯವರು ಒಳ್ಳೆಯವರೇ, ಕೆಟ್ಟವರು ಕೆಟ್ಟವರೇ. ಮುಂದಿನ ಭಾಗದಲ್ಲಿ ಮಾತ್ರವೇ ಕೆಟ್ಟದ್ದನ್ನು ಮಾಡಿ ಒಳ್ಳೆಯವನಾಗಬಯಸುವ ಮನುಷ್ಯನಿಗೆ ಸ್ಥಳ ದೊರೆಯಿತು. ವಿವಾಹದೊಡನೆ ಮುಗಿಯುವ ಕಥೆಗೆ ಪರಿಣಾಮಗಳ ಗೊಡವೆಯಿಲ್ಲ. ಮುಂದುವರಿಯುವ ಕಥೆ ಹಿಂದೆ ಮಾಡಿದ್ದಕ್ಕೆ ಲೆಕ್ಕ ಕೊಡಲೇಬೇಕು. ರಸವಿಲ್ಲ, ಪಾತ್ರದ ಆಳವಿಲ್ಲ ಎಂಬ ಆಚಾರ್ಯರ ಮಾತಿಗೆ ಭೂತನಾಥನು ಒಂದು ಅಪವಾದವೆಂದು ವಿನಯದಿಂದ ಸೂಚಿಸುತ್ತೇನೆ. ಮುಂದೇನಾಯಿತೆಂದು ಕೇಳಿದ ಓದುಗರು ಇಲ್ಲದಿದ್ದರೆ ಈ ಪಾತ್ರ ಹುಟ್ಟುತ್ತಿರಲಿಲ್ಲ.

ಲೇಖಕರಿಗೂ ಹಾಗೆಯೇ ತೋರಿರಬೇಕು. ‘ಸಂತತಿ’ ಮುಗಿದ ಮೇಲೆ 1907ರಿಂದ ಅವರು ‘ಭೂತನಾಥ’ ಎಂಬ ಹೆಸರಿನಲ್ಲಿ ಆ ಐಯಾರನ ಜೀವನಚರಿತ್ರೆಯನ್ನೇ ಬರೆಯತೊಡಗಿದರು. ಆರು ಭಾಗಗಳಾದವು. ಅಷ್ಟರಲ್ಲಿ 1913ರ ಆಗಸ್ಟ್ 1ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ಖತ್ರಿಯವರು ಕಾಲವಶರಾದರು. ಕಥೆ ನಡುದಾರಿಯಲ್ಲಿ ನಿಂತಿತು. ಅದನ್ನು ಕೈಗೆತ್ತಿಕೊಂಡವರು ಅವರ ಪುತ್ರ ದುರ್ಗಾಪ್ರಸಾದ ಖತ್ರಿಯವರು. ತಂದೆಯ ಆರು ಭಾಗಗಳಿಗೆ ಹದಿನೈದು ಭಾಗಗಳನ್ನು ಸೇರಿಸಿ ಇಪ್ಪತ್ತೊಂದಕ್ಕೆ ಪೂರ್ಣಗೊಳಿಸಿದರು. ‘ರೋಹತಾಸಮಠ’ವನ್ನೂ, ‘ರಕ್ತಮಂಡಲ’, ‘ಲಾಲ್ ಪಂಜಾ’ಗಳಂತಹ ಬೇರೆ ಬಗೆಯ ಕಾದಂಬರಿಗಳನ್ನೂ ಬರೆದರು. ಚಂದ್ರಕಾಂತೆಗೆ ಸಂತತಿ ಇದ್ದಂತೆ ಅವಳ ಕಥೆಗಾರನಿಗೂ ಕಥೆ ಮುಂದುವರಿಸುವ ಸಂತತಿ ಇದ್ದಿತು.

ಖತ್ರಿಯವರು ದೊಡ್ಡ ಪದವಿ ಪಡೆದವರಲ್ಲ, ಸಿದ್ಧಾಂತ ಮಂಡಿಸಿದವರಲ್ಲ, ಯಾವ ಚಳವಳಿಯ ಮುಂದಾಳುವೂ ಅಲ್ಲ. ಜೀವನೋಪಾಯ ತಪ್ಪಿದಾಗ ಕಥೆ ಹೇಳಿದರು. ಜನರು ಕೇಳಿದ್ದಕ್ಕೆ ಮತ್ತೂ ಹೇಳಿದರು. ಆ ಜನರ ಕೈಗೆ ಬಂದ ಅಕ್ಷರವನ್ನು ಮುಂದೆ ಪ್ರೇಮಚಂದರೂ ಇತರರೂ ಬಳಸಿಕೊಂಡರು. ಎತ್ತರದ ಸಾಹಿತ್ಯಕ್ಕೆ ಹತ್ತಲು ಬೇಕಾದ ಮೊದಲ ಮೆಟ್ಟಿಲನ್ನು ಕಟ್ಟಿದವನ ಹೆಸರನ್ನು ಮೇಲೆ ಹೋದವರು ಮರೆಯುವುದು ಸಹಜ. ನಾವು ವಿದ್ಯಾರ್ಥಿಗಳು, ಅದರಲ್ಲಿಯೂ ಮನೆಯಲ್ಲಿ ಮೊದಲು ಓದಿದವರು, ಮರೆಯಬಾರದು.

ಕಳೆದ ರಜೆಯಲ್ಲಿ ಒಂದು ಸಂಜೆ ನಾನಾಗಿಯೇ ‘ಸಂತತಿ’ಯ ಕಥೆಯನ್ನು ಕನ್ನಡದಲ್ಲಿ ತಾಯಿಗೆ ಹೇಳತೊಡಗಿದೆನು. ಅವರು ಮೊದಲು ಸುಮ್ಮನೆ ಕೇಳಿದರು. ಮೂರನೆಯ ದಿನ ಒಲೆ ಹಚ್ಚಿದವರು ತಿರುಗಿ, ಆ ಪೆಟ್ಟಿಗೆಯಲ್ಲಿ ಏನಿತ್ತೆಂದು ಕೇಳಿದರು. ನನಗೆ ಕ್ಷಮೆ ಸಿಕ್ಕಿತೋ ಇಲ್ಲವೋ ಅರಿಯೆನು, ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಅಕ್ಕಿಯ ಡಬ್ಬಿಯ ಹಿಂದಿನ ಪತ್ರಿಕೆಗಳು ಮಾತ್ರ ಈಗ ಕಿಟಕಿಯ ಮೇಲೆ ಬಂದಿವೆ. ‘ಸಂತತಿ’ ಮುಗಿಯುವ ಹೊತ್ತಿಗೆ ರಜೆಯೂ ಮುಗಿಯಿತು. ‘ಭೂತನಾಥ’ದ ಇಪ್ಪತ್ತೊಂದು ಭಾಗಗಳು ಇನ್ನೂ ಉಳಿದಿವೆಯೆಂದು ತಾಯಿಗೆ ತಿಳಿಸಿ ಬಂದಿದ್ದೇನೆ. ಪರೀಕ್ಷೆ ಮುಗಿಸಿ ಬೇಗ ಬಾ ಎಂದು ಹೇಳಿ ಕಳಿಸಿದ್ದಾರೆ.